ಲಾಳದ ಮನೆಯವಳು

ಏರಿನ ಅರ್ಧಕ್ಕೆ ಬಂದಾಗ ಗೇರು ತಾನಾಗಿಯೇ ಕಳಚಿಕೊಂಡಿತು. ಟಕ್ ಎಂದು ಒಂದು ಸದ್ದು, ಆಮೇಲೆ ಎಂಜಿನ್ನಿನ ಬರೀ ಕೂಗು. ಪಿಕಪ್ಪು ಹಿಂದಕ್ಕೆ ಜಾರತೊಡಗಿತು. ಡಾಕ್ಟ್ರಮ್ಮ ಬ್ರೇಕಿನ ಮೇಲೆ ನಿಂತೇಬಿಟ್ಟಳು. ಹ್ಯಾಂಡ್ ಬ್ರೇಕನ್ನು ಬುಡದಿಂದ ಕೀಳುವವಳಂತೆ ಎಳೆದಳು. ಚಕ್ರಗಳು ತಿರುಗುವುದು ನಿಂತರೂ ಸಡಿಲ ಜಲ್ಲಿಯ ಮೇಲೆ ಗಾಡಿ ಜಾರುವುದು ನಿಲ್ಲಲಿಲ್ಲ. ಹಿಂದಿನ ತೊಟ್ಟಿಯಲ್ಲಿದ್ದ ಲಸಿಕೆ ಪೆಟ್ಟಿಗೆ, ಹಗ್ಗ, ನೀರಿನ ಕ್ಯಾನು ಎಲ್ಲ ಒಂದರ ಮೇಲೊಂದು ಬಿದ್ದವು. ಕೊನೆಗೆ ಬಂಪರು ಗುಡ್ಡದ ಮಣ್ಣಿಗೆ ಗುದ್ದಿ ನಿಂತಿತು. ಎಡಕ್ಕೆ ಒರಗಿದ್ದಕ್ಕೆ ಮಣ್ಣು ಸಿಕ್ಕಿತು. ಬಲಕ್ಕೆ ಒರಗಿದ್ದರೆ ಸಿಗುತ್ತಿದ್ದದ್ದು ಬರೀ ಗಾಳಿ.

ಅವಳು ಬಾಗಿಲು ತೆಗೆದು ಇಳಿದಳು. ಅಲ್ಲೇ ಕಲ್ಲಿನ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದಳು. ಆದದ್ದನ್ನು ಹೇಳಲಿಲ್ಲ. ಬರುವುದು ತಡವಾಗುತ್ತದೆ ಎಂದಷ್ಟೇ ಹೇಳಿದಳು.

ಅವಳು ದನಗಳ ಡಾಕ್ಟರು. ಕೆಳಗಿನ ಪೇಟೆಯಲ್ಲಿ ಎರಡು ಕೋಣೆಯ ಸಣ್ಣ ಆಸ್ಪತ್ರೆ. ಆದರೆ ಅವಳ ಕೆಲಸದ ಮುಕ್ಕಾಲು ಪಾಲು ಗುಡ್ಡದ ಮೇಲಿನ ಹಳ್ಳಿಗಳಲ್ಲಿ. ಅಲ್ಲಿಗೆ ಹೋಗುವ ದಾರಿಗೆ ಡಾಂಬರು ಕಂಡು ಗೊತ್ತಿಲ್ಲ. ಹತ್ತುವುದಕ್ಕೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿ ಬೇಕು. ಅದರಲ್ಲೂ ಲೋ ಗೇರ್ ಬೇಕೇ ಬೇಕು. ಹತ್ತುವಾಗ ಎಂಜಿನ್ನಿನ ಪೂರ್ತಿ ಬಲವನ್ನು ನಿಧಾನವಾಗಿ ಚಕ್ರಕ್ಕೆ ಇಳಿಸುವುದು, ಇಳಿಯುವಾಗ ಗಾಡಿಯನ್ನು ಬಾಲ ಹಿಡಿದಂತೆ ತಡೆಯುವುದು ಆ ಗೇರೇ. ಇವತ್ತು ಕಳಚಿಕೊಂಡದ್ದೂ ಅದೇ.

"ಇದಕ್ಕೆ ಸಾಮಾನು ಬರೋದು ನಿಂತುಹೋಯ್ತು, ಡಾಕ್ಟ್ರಮ್ಮ," ಎಂದ ಮೆಕ್ಯಾನಿಕ್ಕು, ಗಾಡಿಯ ಅಡಿಯಿಂದ ತಲೆ ಹೊರಗೆ ಹಾಕಿ. "ಏನೋ ಒಂದು ತೇಪೆ ಹಾಕಿಕೊಡ್ತೀನಿ. ಪೇಟೆಯೊಳಗೆ ಓಡಾಡಿ. ಮೇಲಕ್ಕೆ ಮಾತ್ರ ಬೇಡ."

"ಮೇಲಕ್ಕೆ ಹೋಗದೆ ಪೇಟೆಯಲ್ಲಿ ಯಾರ ಹಾಲು ಕರೆಯಲಿ?"

"ಹೊಸದು ತಗೊಳ್ಳಿ. ನಿಮ್ಮ ಅಣ್ಣನೇ ಇದ್ದಾರಲ್ಲ, ನಿಮಗೇನು ಕಷ್ಟ?"

ಹೌದು, ಅಣ್ಣ ಇದ್ದ. ಅವಳ ತವರಿನಲ್ಲಿ ಗಾಡಿ ಎಂದರೆ ಲಾಳದ ಗುರುತಿನ ಕಂಪನಿಯದು. ಬೇರೆಯವರದ್ದನ್ನು ಗಾಡಿ ಅನ್ನುತ್ತಿರಲಿಲ್ಲ, ಡಬ್ಬ ಅನ್ನುತ್ತಿದ್ದರು. ಅಪ್ಪ ದುಡಿಯುವ ಕಾಲದಲ್ಲೆಲ್ಲ ಲಾಳದ ಲಾರಿ ಓಡಿಸಿದ್ದರು. ಮನೆಯ ಗೇಟಿಗೆ ಗುಜರಿಯಿಂದ ತಂದ ಹಿತ್ತಾಳೆ ಲಾಳ ಬೆಸುಗೆ ಹಾಕಿಸಿದ್ದರು. ಪಕ್ಕದ ಮನೆಯವನು ಬೇರೆ ಕಂಪನಿಯ ಕಾರು ತಂದ ದಿನ, ಸಾವಿನ ಮನೆಗೆ ಹೋದವರ ಮುಖ ಮಾಡಿಕೊಂಡು ಅವನನ್ನು ಮಾತಾಡಿಸಿ ಬಂದಿದ್ದರು. ಅಣ್ಣನಿಗೆ ಲಾಳದ ಶೋರೂಮಿನಲ್ಲಿ ಮಾರಾಟದ ಕೆಲಸ ಸಿಕ್ಕಾಗ ಅಪ್ಪನ ಎದೆ ಒಂದು ಗೇಣು ಹಿಗ್ಗಿತ್ತು. ಡಾಕ್ಟ್ರಮ್ಮನ ಹಳೆಯ ಪಿಕಪ್ಪನ್ನು ಕೊಡಿಸಿದ್ದೂ ಅಣ್ಣನೇ.

ಹಾಗಾಗಿ ಯಾವ ಗಾಡಿ ಎಂಬ ಪ್ರಶ್ನೆಯೇ ಅವಳ ತಲೆಗೆ ಬರಲಿಲ್ಲ. ನೇರವಾಗಿ ಶೋರೂಮಿಗೆ ಹೋದಳು.

ಒಳಗೆ ತಣ್ಣಗೆ, ಹೊಸ ರಬ್ಬರಿನ ವಾಸನೆ. ಕನ್ನಡಿಯಂಥ ನೆಲದ ಮೇಲೆ ಹೊಸ ಪಿಕಪ್ಪು ನಿಂತಿತ್ತು. ಅದರಲ್ಲಿ ಮೂರು ದರ್ಜೆ. ಕೆಳಗಿನದಕ್ಕೆ ಎರಡೇ ಚಕ್ರಕ್ಕೆ ಬಲ, ಅದು ಕೆಲಸಕ್ಕೆ ಬಾರದು. ಮೇಲಿನದರ ಬೆಲೆ ಕೇಳಿದರೆ ಮನೆಗೆ ಮಹಡಿ ಕಟ್ಟಿಸುವ ಆಸೆ ಬಿಡಬೇಕು, ಸಾಲದ್ದಕ್ಕೆ ಇರುವ ಮನೆಯನ್ನೂ ಅಡವಿಡುವ ಲೆಕ್ಕ ಹಾಕಬೇಕು. ನಡುವಿನದು ಕಷ್ಟಪಟ್ಟರೆ ಕೈಗೆಟಕುವಂತಿತ್ತು.

"ನಡುವಿನದೇ ಬರೆದುಕೋ ಅಣ್ಣ," ಎಂದಳು.

ಬಂದ ಗಿರಾಕಿಯನ್ನು ಸಹಿ ಹಾಕಿಸದೆ ಹೊರಗೆ ಬಿಡುವ ಮನುಷ್ಯನಲ್ಲ ಅಣ್ಣ. ಇವತ್ತು ಮಾತ್ರ ಹಿಂದಿನ ಗಾಜಿನ ಕೋಣೆಯಲ್ಲಿ ಕೂತಿದ್ದ ಮ್ಯಾನೇಜರ್ ಕಡೆ ಒಮ್ಮೆ ನೋಡಿ, "ಇವತ್ತೇ ಯಾಕೆ? ಯೋಚನೆ ಮಾಡು. ಬಣ್ಣ ಗಿಣ್ಣ ನೋಡು," ಎಂದ.

"ಸಗಣಿ ಮೆತ್ತೋ ಗಾಡಿಗೆ ಬಣ್ಣ ಏನೋ? ಆ ಏರಿಗೆ ಆಗುತ್ತಲ್ಲ, ಅಷ್ಟು ಹೇಳು."

"ಲಾಳ ಅಲ್ವಾ," ಎಂದು ಅಣ್ಣ ನಕ್ಕ. ನಗು ಅರ್ಧವೇ ಬಂತು. "ನಾನೇ ಫೋನ್ ಮಾಡ್ತೀನಿ, ನೀನು ಹೊರಡು."

ಫೋನ್ ಬರಲಿಲ್ಲ. ಇವಳೇ ಮಾಡಿದಾಗ ಒಮ್ಮೆ ಮೀಟಿಂಗಿನಲ್ಲಿದ್ದ, ಒಮ್ಮೆ ದಾರಿಯಲ್ಲಿದ್ದ. ಮತ್ತೊಮ್ಮೆ, "ಬಿಳಿ ಬಣ್ಣ ಇನ್ನೂ ಬಂದಿಲ್ಲ ಪುಟ್ಟಿ," ಎಂದ. ಬಿಳಿ ಬೇಕೆಂದು ಅವಳು ಕೇಳಿಯೇ ಇರಲಿಲ್ಲ.

ಅವಳ ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಲಾಳದ ಪುಸ್ತಿಕೆಯನ್ನು ಕೆಂಪು ಪೆನ್ನು ಹಿಡಿದು ಓದಿ, ಹದಿನಾಲ್ಕು ಕಾಗುಣಿತದ ತಪ್ಪು ಹುಡುಕಿದ್ದ. ಅವನೇ ಸುದ್ದಿ ತಂದ: "ಬರೋ ತಿಂಗಳಿಂದ ಬೆಲೆ ಏರುತ್ತಂತೆ. ನಿಮ್ಮಣ್ಣ ಹೇಳಲಿಲ್ವಾ?"

"ಇಲ್ಲ."

"ಯಾಕೆ ಹೇಳಲಿಲ್ಲ?"

ಅವಳಿಗೂ ಅದೇ ಕೊರೆಯುತ್ತಿತ್ತು. ತಂಗಿಗೆ ರಿಯಾಯಿತಿ ಕೊಡಬೇಕಾಗುತ್ತದೆಂದು ಹಿಂಜರಿಯುತ್ತಿದ್ದಾನೆಯೇ? ತಂಗಿಯ ಕೈಯಲ್ಲಿ ದುಡ್ಡಿಲ್ಲವೆಂದುಕೊಂಡನೇ? ಅತ್ತಿಗೆ ಏನಾದರೂ ಅಂದಳೇ? ಫೋನ್ ಸದ್ದು ಮಾಡಿದರೆ ಬೆಚ್ಚಿಬೀಳುವಳು: ಅಣ್ಣನದಿರಲಿ ಎಂದು ಒಂದು ಆಸೆ, ಮೇಲಿನ ಹಳ್ಳಿಯದು ಆಗದಿರಲಿ ಎಂದು ಇನ್ನೊಂದು.

ಮೇಲಿನ ಹಳ್ಳಿಯಿಂದ ಕರೆ ಬಂದೇ ಬಂತು. ಹಳೆಯ ಗಾಡಿಯನ್ನು ಏರಿನ ಬುಡದಲ್ಲಿ ಬಿಟ್ಟು, ಚೀಲ ಹೊತ್ತು, ಏದುಸಿರು ಬಿಡುತ್ತ ನಡೆದಳು. ತಲುಪುವಷ್ಟರಲ್ಲಿ ಕರು ಹೊಟ್ಟೆಯಲ್ಲೇ ಹೋಗಿತ್ತು. ಹಸುವನ್ನು ಉಳಿಸಿಕೊಂಡಳು. ಆ ಮನೆಯವರು ಕೈ ತೊಳೆಯಲು ಬಿಸಿನೀರು ತಂದುಕೊಟ್ಟರು, ಸೋಪನ್ನೂ ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಅವಳು ಯಾರಿಗೂ ಹೇಳದೆ ಪಕ್ಕದ ಊರಿನ ಇನ್ನೊಂದು ಶೋರೂಮಿಗೆ ಹೋದಳು. ಅದು ಅಲೆಯ ಗುರುತಿನ ಕಂಪನಿ. ಈಚೆಗೆ ಬಂದದ್ದು, ಅಪ್ಪನ ಲೆಕ್ಕದಲ್ಲಿ ಡಬ್ಬಗಳಲ್ಲೇ ತೆಳು ಡಬ್ಬ. ತನ್ನ ಗಾಡಿಯನ್ನು ಎರಡು ಬೀದಿ ಆಚೆ ನಿಲ್ಲಿಸಿ, ಅಲ್ಲಿಂದ ತಲೆ ತಗ್ಗಿಸಿ ನಡೆದಳು. ಹಿಂದೆಂದೂ ಏನನ್ನೂ ಕದಿಯದವಳಿಗೆ ಕಳ್ಳರ ನಡಿಗೆ ತಾನಾಗಿಯೇ ಬಂದಿತ್ತು.

ಅಲ್ಲಿದ್ದ ಮಾರಾಟಗಾರ ನಡುವಯಸ್ಸಿನವನು. ಹೋದ ವರ್ಷದವರೆಗೆ ಬಟ್ಟೆ ಒಗೆಯುವ ಯಂತ್ರ ಮಾರುತ್ತಿದ್ದನಂತೆ. ಕಟ್ಟಿದ ಟೈ, ಮಿರಿಮಿರಿ ಹೊಳೆಯುವ ಬೂಟು. ಅವನು ಹೇಳಿದ ಬೆಲೆ ಲಾಳದ ನಡುವಿನ ದರ್ಜೆಗಿಂತ ಚೆನ್ನಾಗಿಯೇ ಕಡಿಮೆ ಇತ್ತು. ಲೋ ಗೇರೂ ಇತ್ತು.

"ಇಷ್ಟು ಕಡಿಮೆಗೆ ಹೇಗೆ ಕೊಡ್ತೀರಿ? ಗಾಡಿಯಲ್ಲಿ ಏನು ಕಡಿತ ಮಾಡಿದ್ದೀರಿ?" ಎಂದಳು ಅನುಮಾನದಿಂದ.

"ನಿಜ ಹೇಳ್ಬೇಕಂದ್ರೆ ಮೇಡಂ, ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಅದಕ್ಕೇ ಕಡಿಮೆ. ಸರ್ವೀಸ್ ಸೆಂಟರೂ ಸದ್ಯಕ್ಕೆ ಇದೊಂದೇ. ಮನೆ ಹತ್ರ ಗಾಡಿ ತರ್ಲಾ? ಓಡಿಸಿ ನೋಡಿ."

"ಮನೆ ಹತ್ರ ಬೇಡ!" ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ಕಲ್ಲು ಕ್ವಾರಿ ಹತ್ರ ಬನ್ನಿ."

ಎರಡು ದಿನ ಬಿಟ್ಟು ಕ್ವಾರಿಯ ಬಳಿ ಅವಳು ಅಲೆಯ ಪಿಕಪ್ಪನ್ನು ಹತ್ತಿಸಿ ಇಳಿಸಿ ನೋಡುತ್ತಿರುವಾಗಲೇ ಫೋನ್ ಬಂತು. ಮೇಲಿನ ಹಳ್ಳಿ. ಹಸು ಬೆಳಗಿನಿಂದ ನೋವು ತಿನ್ನುತ್ತಿದೆ, ಕರುವಿನ ಒಂದೇ ಕಾಲು ಕಾಣುತ್ತಿದೆ.

ಅವಳು ಪಕ್ಕದಲ್ಲಿ ಕೂತಿದ್ದವನ ಮುಖ ನೋಡಿದಳು. "ನಿಮ್ಮನ್ನ ಇಲ್ಲೇ ಇಳಿಸ್ಲಾ, ಜೊತೆಗೆ ಬರ್ತೀರಾ?"

"ಗಾಡಿ ಬಿಟ್ಟು ನಾನು ಇಳಿಯೋ ಹಾಗಿಲ್ಲ ಮೇಡಂ."

"ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ."

ತನ್ನ ಚೀಲವನ್ನು ಹಳೆಯ ಗಾಡಿಯಿಂದ ಇದಕ್ಕೆ ಎಸೆದು ಹೊರಟಳು. ಏರಿನ ಬುಡದಲ್ಲಿ ಲೋ ಗೇರಿಗೆ ಹಾಕಿದಳು. ಜಾರಿದ ಜಾಗ ಹತ್ತಿರವಾದಂತೆ ಕಿವಿಯೆಲ್ಲ ಆ 'ಟಕ್' ಸದ್ದಿಗೇ ಕಾಯುತ್ತಿತ್ತು. ಪಕ್ಕದವನು ಮೇಲಿನ ಹಿಡಿಕೆಗೆ ಜೋತುಬಿದ್ದು, ಕಣ್ಣು ಮುಚ್ಚಿಕೊಂಡೇ, "ಇದರ ಎಳೆಯುವ ಶಕ್ತಿ ಈ ದರ್ಜೆಯಲ್ಲೇ..." ಎಂದು ಶುರುಮಾಡಿದ.

"ಸ್ವಲ್ಪ ಸುಮ್ನಿರಿ."

ಅವನು ಬಾಯಿಮುಚ್ಚಿದ. ಗಾಡಿ ಗೊಣಗುತ್ತ, ಒಂದೊಂದೇ ಕಲ್ಲನ್ನು ತುಳಿಯುತ್ತ, ಎಲ್ಲೂ ಹಿಂಜರಿಯದೆ ಏರಿತು. ಮೇಲಿನ ತಿರುವನ್ನೂ ದಾಟಿತು.

ಕೊಟ್ಟಿಗೆಯಲ್ಲಿ ಕರು ಒಂದು ಕಾಲನ್ನು ಹಿಂದಕ್ಕೆ ಮಡಚಿಕೊಂಡಿತ್ತು. ಅವಳು ತೋಳುದ್ದ ಕೈ ಹಾಕಿ ಆ ಕಾಲನ್ನು ಹುಡುಕಿ, ನೇರಮಾಡಿ, ಹಗ್ಗ ಸಿಕ್ಕಿಸಿದಳು. ಎಳೆಯಲು ಇನ್ನೊಬ್ಬರು ಬೇಕಿತ್ತು. ಮನೆಯ ಗಂಡಸರು ಮರದ ಕೆಲಸಕ್ಕೆ ಹೋಗಿದ್ದರು. ಇದ್ದವಳು ಮುದುಕಿ ಒಬ್ಬಳೇ. ಮಾರಾಟಗಾರ ಟೈಯನ್ನು ಹೆಗಲ ಮೇಲೆ ಹಾಕಿಕೊಂಡು, ಸಗಣಿಯಲ್ಲಿ ಬೂಟೂರಿ ನಿಂತು, ಅವಳು ಹೇಳಿದಾಗ ಎಳೆದ, ಹೇಳಿದಾಗ ಬಿಟ್ಟ. ಕರು ಜಾರಿಬಂದು ಅವನ ಕಾಲ ಮೇಲೆಯೇ ಬಿತ್ತು. ಮೂಗಿನ ಲೋಳೆ ಒರೆಸಿ, ಹುಲ್ಲಿನಿಂದ ಎದೆ ತಿಕ್ಕಿದಾಗ ಸೀನಿತು.

"ಬದುಕಿದೆಯಾ?" ಎಂದ ಅವನು. ಕಣ್ಣಲ್ಲಿ ನೀರಾಡುತ್ತಿತ್ತು.

"ಬದುಕಿದೆ. ನಿಮ್ಮ ಪ್ಯಾಂಟು ಮಾತ್ರ ಹೋಯ್ತು."

ಆ ಸಂಭ್ರಮದಲ್ಲಿ ಅವನು ಫೋಟೋ ತೆಗೆದುಕೊಂಡ. ಕರು, ತೋಳು ಮಡಚಿದ ಡಾಕ್ಟ್ರಮ್ಮ, ಹಿಂದೆ ಅಲೆಯ ಪಿಕಪ್ಪು. ಅವಳು ಅದನ್ನು ಮರೆತೇಬಿಟ್ಟಳು. ಮರುದಿನ ಬೆಳಿಗ್ಗೆ ಗಂಡ ಹಲ್ಲುಜ್ಜುತ್ತಲೇ ಫೋನ್ ತಂದು ಮುಂದೆ ಹಿಡಿದ. ಆ ಫೋಟೋ ಅಲೆ ಶೋರೂಮಿನ ಪುಟದಲ್ಲಿತ್ತು. ಕೆಳಗೆ ದಪ್ಪ ಅಕ್ಷರ: 'ಗುಡ್ಡದ ಡಾಕ್ಟ್ರಮ್ಮನ ಮೆಚ್ಚಿನ ಗಾಡಿ.'

"ಮೆಚ್ಚಿನ ಅನ್ನೋದನ್ನ ಸರಿಯಾಗೇ ಬರೆದಿದ್ದಾರೆ," ಎಂದ ಗಂಡ, ನಗಿಸಲು ನೋಡುತ್ತ.

ಅವಳು ನಗಲಿಲ್ಲ. ಮಾರಾಟಗಾರನಿಗೆ ಫೋನ್ ಮಾಡಿ ಬೈದು ತೆಗೆಸಿದಳು. ಅಷ್ಟರಲ್ಲಿ ನೋಡಬೇಕಾದವರೆಲ್ಲ ನೋಡಿ ಆಗಿತ್ತು. ಅಣ್ಣನಿಂದ ಒಂದರ ಹಿಂದೊಂದು ಕರೆ ಬಂದಿದ್ದವು. ಇಷ್ಟು ದಿನ ಕಾದಿದ್ದು ಅವನ ಕರೆಗೇ. ಈಗ ಎತ್ತಲು ಧೈರ್ಯ ಸಾಲದು. ಅಪ್ಪನಿಂದ ಕರೆಯಿಲ್ಲ, ಅದು ಇನ್ನೂ ಭಯ. ಆಸ್ಪತ್ರೆಗೆ ಬಂದವಳು ಫೋನನ್ನು ಸಿರಿಂಜಿನ ಡ್ರಾಯರಿನೊಳಗೆ ಇಟ್ಟು ಮುಚ್ಚಿದಳು. ಡ್ರಾಯರೇ ಗುರ್ ಗುರ್ ಎನ್ನುತ್ತಿತ್ತು.

ಮಧ್ಯಾಹ್ನ ಅಣ್ಣ ತಾನೇ ಬಂದ. ಶೋರೂಮಿನ ಅಂಗಿಯಲ್ಲೇ ಇದ್ದ, ಜೇಬಿನ ಮೇಲೆ ಲಾಳ. ಕುಂಟುವ ಆಡನ್ನು ಹಿಡಿದುಕೊಂಡಿದ್ದವರು ಹೊರಡುವ ತನಕ ಬಾಗಿಲ ಬಳಿ ನಿಂತಿದ್ದ. ಅವಳು ಆ ಕಾಲಿಗೆ ಪಟ್ಟಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು. ಆಡಿನವರೂ ಹೋದರು.

"ಅಣ್ಣ, ನಾನು ಇನ್ನೂ ತಗೊಂಡಿಲ್ಲ. ನೋಡೋಕೆ ಅಂತ..."

"ಆ ಏರು ಹತ್ತಿತಾ?"

ಅವಳಿಗೆ ಅರ್ಥವಾಗಲಿಲ್ಲ. "ಏನು?"

"ಆ ಗಾಡಿ. ಮೇಲಿನ ಹಳ್ಳಿ ಏರು. ಹತ್ತಿತಾ?"

"ಹತ್ತಿತು."

ಅಣ್ಣ ಸ್ಟೂಲಿನ ಮೇಲೆ ಕುಸಿದು ಕೂತ. "ಹಾಗಾದ್ರೆ ಅದನ್ನೇ ತಗೋ. ನಮ್ಮದು ಬೇಡ."

ಆಮೇಲೆ ಎಲ್ಲ ಹೇಳಿದ. ಬೆಲೆ ಜಾಸ್ತಿಯಾಯಿತೆಂದು ಗಿರಾಕಿಗಳು ಬೇರೆ ಕಂಪನಿಗಳಿಗೆ ಹೋಗತೊಡಗಿದಾಗ, ನಡುವಿನ ದರ್ಜೆಯ ಬೆಲೆ ಹಿಡಿದಿಡಲು ಈ ವರ್ಷ ಕಂಪನಿಯವರು ಅದರಿಂದ ಲೋ ಗೇರನ್ನೇ ತೆಗೆದುಹಾಕಿದ್ದರು. ಶೋರೂಮಿನಲ್ಲಿ ನಿಲ್ಲಿಸಿದ್ದು ಮೇಲಿನ ದರ್ಜೆಯದು. ಯಾರಾದರೂ ಕೇಳಿದರೆ 'ಈಗ ಎಲ್ಲಾ ಕಂಪ್ಯೂಟರೇ ನೋಡ್ಕೊಳ್ಳುತ್ತೆ' ಎನ್ನಬೇಕು. ಯಾರೂ ಕೇಳದಿದ್ದರೆ ಏನೂ ಹೇಳಬಾರದು ಎಂದು ಮ್ಯಾನೇಜರ್ ತಾಕೀತು ಮಾಡಿದ್ದ.

"ಬಯಲಲ್ಲಿ ಓಡಿಸೋರಿಗೆ ಏನೂ ತೊಂದ್ರೆ ಇಲ್ಲ. ನಿನ್ನ ಏರಿಗೆ ಅದು ಆಗಲ್ಲ ಪುಟ್ಟಿ. ಹತ್ತಿದ್ರೂ ಇಳಿಯೋದು ಕಷ್ಟ."

"ಇದನ್ನ ಒಂದು ಫೋನಿನಲ್ಲಿ ಹೇಳೋಕೆ ಏನಾಗಿತ್ತು ನಿಂಗೆ? ನಾನು ಇಲ್ಲಿ ದಿನಾ ಸಾಯ್ತಿದ್ದೆ. ನಿಂಗೆ ನನ್ನ ಮೇಲೆ ಕೋಪ ಅಂದ್ಕೊಂಡೆ. ಒಂದು ಕರು ಹೋಯ್ತಣ್ಣ."

ಅಣ್ಣ ತನ್ನ ಅಂಗೈಗಳನ್ನೇ ನೋಡಿಕೊಂಡ. "ಫೋನ್ ಎಷ್ಟೋ ಸಲ ಕೈಗೆ ತಗೊಂಡೆ. ನಿಂಗೆ ಹೇಳಿದ್ರೆ ನೀನು ಇನ್ನೊಂದು ಮಾತು ಕೇಳ್ತೀಯ. ಅದಕ್ಕೆ ಹೆದರಿದೆ."

ಯಾವ ಮಾತು ಎಂದು ಅವಳು ಕೇಳಬೇಕಾಗಲಿಲ್ಲ. ಆದರೂ ಕೇಳಿದಳು. "ಬೇರೆ ಯಾರ್ಯಾರಿಗೆ ಮಾರಿದ್ದೀಯ?"

"ಹೆಚ್ಚಿನವರು ಪೇಟೆಯವರು. ಗುಡ್ಡದ ಕಡೆಯವರು ಇಬ್ಬರು. ಇನ್ನೊಬ್ಬ ಹಾಲಿನವನು... ನಾಡಿದ್ದು ಅವನಿಗೆ ಗಾಡಿ ಕೊಡ್ಬೇಕು."

ಹಾಲಿನವನನ್ನು ಅವಳು ಚೆನ್ನಾಗಿ ಬಲ್ಲಳು. ಮೇಲಿನ ಹಳ್ಳಿಗಳ ಹಾಲನ್ನೆಲ್ಲ ತುಂಬಿಕೊಂಡು ದಿನವೂ ಅದೇ ಏರನ್ನು ಇಳಿಯುವವನು. ಹಾಲಿನ ಕ್ಯಾನುಗಳ ಜೊತೆಗೆ ಪೇಟೆಗೆ ಬರುವ ಹೆಂಗಸರು ಮಕ್ಕಳೂ ಕೂತಿರುತ್ತಾರೆ. ತುಂಬಿದ ಗಾಡಿ ಆ ಜಲ್ಲಿಯ ಮೇಲೆ ಜಾರುವುದು ಅವಳ ಕಣ್ಣಿಗೆ ಕಟ್ಟಿತು.

"ಈಗಲೇ ಫೋನ್ ಮಾಡು."

"ಕೆಲಸ ಹೋಗುತ್ತೆ ಪುಟ್ಟಿ."

"ಗೊತ್ತು."

ಹೋಗುವುದು ತನ್ನ ಕೆಲಸವಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅಣ್ಣ ಎದ್ದು ನಲ್ಲಿಯಲ್ಲಿ ಮುಖ ತೊಳೆದು, ಅಂಗಿಯ ತೋಳಿಗೆ ಒರೆಸಿಕೊಂಡು ಫೋನ್ ತೆಗೆದ.

ಆ ಕಡೆಯ ಕೂಗು ಅವಳಿಗೂ ಕೇಳಿಸಿತು. ಮುಂಗಡ ಕೊಟ್ಟಿದ್ದೇನೆ, ಹಳೆಯ ಗಾಡಿ ಮಾರಿಯಾಗಿದೆ, ಈಗ ಹೇಳುತ್ತೀಯಾ ಎಂದು ಹಾಲಿನವನು ಬಾಯಿಗೆ ಬಂದಂತೆ ಬೈದ. ಅಣ್ಣ ಒಂದಕ್ಕೂ ಎದುರಾಡಲಿಲ್ಲ. "ಮುಂಗಡ ವಾಪಸ್ ಕೊಡಿಸೋದು ನನ್ನ ಜವಾಬ್ದಾರಿ. ಬೈಯಿರಿ, ಆದರೆ ಗಾಡಿ ಮಾತ್ರ ತಗೋಬೇಡಿ," ಎಂದು ಎರಡು ಮೂರು ಸಲ ಹೇಳಿದ.

ಕೊಂಡುಬಿಟ್ಟಿದ್ದ ಇನ್ನಿಬ್ಬರ ಮನೆಗೆ ಅವನು ಮರುದಿನ ತಾನೇ ಹೋದ. ಒಬ್ಬ ಮುಖದ ಮೇಲೆ ಬಾಗಿಲು ಹಾಕಿದ. ಇನ್ನೊಬ್ಬ, ತಾನು ಎರಡನೇ ಸಲ ಇಳಿಯುವಾಗಲೇ ಹೆದರಿ, ಅಂದಿನಿಂದ ಗಾಡಿಯನ್ನು ಏರಿನ ಬುಡದಲ್ಲೇ ನಿಲ್ಲಿಸುತ್ತಿರುವೆನೆಂದೂ, ತನಗೇ ಓಡಿಸಲು ಬರುವುದಿಲ್ಲವೇನೋ ಅಂದುಕೊಂಡಿದ್ದೆನೆಂದೂ ಹೇಳಿದ. ಅವರಿಬ್ಬರೂ ಶೋರೂಮಿಗೆ ಬಂದು ಗಲಾಟೆ ಮಾಡಿದರು. ಹಾಲಿನವನೂ ಸೇರಿಕೊಂಡ. ಮ್ಯಾನೇಜರಿಗೆ ಮುಂಗಡ ಹಿಂದಿರುಗಿಸದೆ ದಾರಿ ಇರಲಿಲ್ಲ. ಗಾಡಿ ಕೊಂಡಿದ್ದ ಇಬ್ಬರಿಗೆ ಮೇಲಿನ ದರ್ಜೆಗೆ ಬದಲಾಯಿಸಿಕೊಳ್ಳಲು ಸ್ವಲ್ಪ ಮಟ್ಟಿಗೆ ಬೆಲೆ ಇಳಿಸಿದರು. ಒಬ್ಬ ಬದಲಾಯಿಸಿಕೊಂಡ, ಇನ್ನೊಬ್ಬ ಮಾರಿಕೊಂಡು ನಷ್ಟ ಅನುಭವಿಸಿದ. ಅಣ್ಣನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆದರೆ ಸುದ್ದಿ ದೊಡ್ಡದಾಗುತ್ತಿತ್ತು. ಹಿಂದಿನ ಶೆಡ್ಡಿನಲ್ಲಿ ಬಿಡಿಭಾಗ ಕೊಡುವ ಕೌಂಟರಿಗೆ ಹಾಕಿದರು. ಸಂಬಳ ಇಳಿಯಿತು. ಅತ್ತಿಗೆ ಡಾಕ್ಟ್ರಮ್ಮನ ಜೊತೆ ಮಾತು ಬಿಟ್ಟಳು. ಅದು ಸರಿಹೋಗಲು ಬಹಳ ಕಾಲ ಹಿಡಿಯಿತು, ಪೂರ್ತಿ ಸರಿಹೋಯಿತು ಅನ್ನುವ ಹಾಗೂ ಇಲ್ಲ.

ಎಲ್ಲಕ್ಕಿಂತ ಅವಳನ್ನು ಕಾಡಿದ್ದು ಅಪ್ಪನ ಮೌನ. ಅಣ್ಣ ವಿಷಯ ತಿಳಿಸಿದಾಗ ಅಪ್ಪ ನಂಬಲೇ ಇಲ್ಲವಂತೆ. "ಗೇರು ತೆಗೆದ್ರಾ? ನಮ್ಮವರಾ?" ಎಂದು ಮತ್ತೆ ಮತ್ತೆ ಕೇಳಿದರಂತೆ. ಕೊನೆಗೆ ತಾವೇ ಬಸ್ಸು ಹತ್ತಿ ಹೋಗಿ, ಶೋರೂಮಿನ ಹಿಂದಿನ ಅಂಗಳದಲ್ಲಿ ನಿಂತಿದ್ದ ನಡುವಿನ ದರ್ಜೆಯ ಪಿಕಪ್ಪಿನ ಬಾಗಿಲು ತೆಗೆಸಿ ನೋಡಿದರು. ಲೋ ಗೇರಿನ ಹಿಡಿಕೆ ಇರಬೇಕಾದ ಜಾಗದಲ್ಲಿ ಚಿಲ್ಲರೆ ಹಾಕಿಡುವ ಸಣ್ಣ ಗುಳಿ ಇತ್ತು. ಅದರಲ್ಲಿ ಬೆರಳಿಟ್ಟು ಸುಮ್ಮನೆ ನಿಂತಿದ್ದರೆಂದು ಅಣ್ಣ ಹೇಳಿದ. ಮನೆಗೆ ಬಂದು ಗೋಡೆ ಕಡೆ ಮುಖಮಾಡಿ ಮಲಗಿದವರು ಮರುದಿನವೂ ಸರಿಯಾಗಿ ಮಾತಾಡಲಿಲ್ಲ.

ತಿಂಗಳು ಮುಗಿಯುವ ಮೊದಲು ಡಾಕ್ಟ್ರಮ್ಮ ಅಲೆಯ ಪಿಕಪ್ಪನ್ನು ಕೊಂಡಳು. ಕೀಲಿ ಕೈಗೆ ಬಂದಾಗ ಖುಷಿಯಾಗಬೇಕಿತ್ತು. ಆಗಿದ್ದು ಭಯವೇ. ಹೆಸರಿಲ್ಲದ ಕಂಪನಿ, ನಾಳೆ ಬಾಗಿಲು ಹಾಕಿದರೆ? ಸಾಮಾನು ಸಿಗದಿದ್ದರೆ? ಮೊದಲ ವಾರ ಒಂದೊಂದು ಕಿರ್ ಸದ್ದಿಗೂ ನಿಲ್ಲಿಸಿ, ಇಳಿದು, ಬಗ್ಗಿ ನೋಡುತ್ತಿದ್ದಳು. ಗಂಡ ಹೊಸ ಗಾಡಿಯ ಕೈಪಿಡಿಯನ್ನು ಎರಡು ಸಲ ಓದಿದ. ಈ ಬಾರಿ ಕಾಗುಣಿತ ಬಿಟ್ಟು ನಕ್ಷತ್ರ ಗುರುತಿನ ಸಣ್ಣ ಅಕ್ಷರಗಳನ್ನೆಲ್ಲ ಓದಿದೆನೆಂದು ತಪ್ಪೊಪ್ಪಿಕೊಂಡವನಂತೆ ಹೇಳಿದ.

ಅಪ್ಪ ಬಂದದ್ದು ಒಂದು ಭಾನುವಾರ. ಹೇಳದೆ ಕೇಳದೆ ಬಂದರು. ಒಳಗೆ ಬರಲಿಲ್ಲ. ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದಳು: ಬೆನ್ನ ಹಿಂದೆ ಕೈ ಕಟ್ಟಿಕೊಂಡು ಗಾಡಿಯ ಸುತ್ತ ನಡೆಯುತ್ತಿದ್ದರು. ಟೈರು ಒದ್ದರು. ಬಗ್ಗಿ ಅಡಿ ನೋಡಿದರು. ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಅವಳು ಕಾಫಿ ಲೋಟ ಹಿಡಿದು ಹೊರಗೆ ಬಂದಳು.

"ಬಾಗಿಲು ತೆಗಿ," ಎಂದರು ಅಪ್ಪ.

ತೆಗೆದಳು. ಅವರು ಚಾಲಕನ ಜಾಗಕ್ಕೆ ಹತ್ತಿ ಕೂತು, ಗೇರಿನ ಹಿಡಿಕೆ ಹಿಡಿದು, ಲೋ ಗೇರಿಗೆ ಹಾಕಿ ತೆಗೆದು ಮತ್ತೆ ಹಾಕಿದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

"ತಗಡು ತೆಳು," ಎಂದರು.

"ಹೌದಪ್ಪ."

"ಗೇರು ಗಟ್ಟಿ ಕೂರುತ್ತೆ."

"ಹೂಂ."

"ಸರ್ವೀಸ್ ಎಲ್ಲಿ?"

"ಪಕ್ಕದ ಊರು. ಹೋಗಿ ಬರೋಕೆ ಅರ್ಧ ದಿನ. ಬರೋ ವಾರ ಮೊದಲನೇದು."

ಅಪ್ಪ ಕಾಫಿಯನ್ನು ಅಲ್ಲೇ ಕೂತು, ಸ್ಟೀರಿಂಗಿನ ಮೇಲೆ ಮೊಣಕೈ ಊರಿ ಕುಡಿದರು. ಲೋಟ ವಾಪಸ್ಸು ಕೊಡುತ್ತ ಹೇಳಿದರು:

"ಒಬ್ಬಳೇ ಹೋಗ್ಬೇಡ. ಹೊಸಬರು, ಏನು ಬಿಚ್ತಾರೋ ಏನು ಕಟ್ತಾರೋ. ನಾನೂ ಬರ್ತೀನಿ."